ನಡೆಯುತ್ತಿರುವ ಗಣಕಕ್ಕೆ ಹೊಸ ಭಾಗದ ಜೋಡಣೆ



ಲಿನಕ್ಸ್ ಅಳವಡಿಸಿದ ಗಣಕದಲ್ಲಿ ನೀವು ಟಿಪ್ಪಣಿಯೊಂದನ್ನು ಬೆರಳಚ್ಚು ಮಾಡುತ್ತಿದ್ದೀರಿ ಎಂದುಕೊಳ್ಳಿ. ನಡುವೆ ಒಂದು ಪೆನ್‌ಡ್ರೈವ್ ಸಿಕ್ಕಿಸುತ್ತೀರಿ. ಕೆಲವೇ ಕ್ಷಣಗಳಲ್ಲಿ ಅದರೊಳಗಿನ ಕಡತಗಳು ತೆರೆಯ ಮೇಲೆ ಕಾಣುತ್ತವೆ. ಗಣಕವನ್ನು ಆರಿಸಿ ಮತ್ತೆ ಚಾಲೂ ಮಾಡುವ ಪ್ರಮೇಯವೇ ಬರುವುದಿಲ್ಲ. ಇದು ಹೇಗೆ ಸಾಧ್ಯ?

ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಸ್ಮೃತಿ, ಡಿಸ್ಕ್, ಕೀಲಿಮಣೆ ಮುಂತಾದವನ್ನು ನಿರ್ವಹಿಸುವ ತಿರುಳೇ ‘ಕರ್ನೆಲ್’. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಲಿನಕ್ಸ್ ಕರ್ನೆಲನ್ನು ಬಿಡುಗಡೆ ಮಾಡಿದರು. ಎಲ್ಲ ಉಪಕರಣಗಳ ಚಾಲಕಗಳನ್ನೂ ಕರ್ನೆಲಿನೊಳಗೇ ತುಂಬಿದರೆ ಸ್ಮೃತಿ ವ್ಯರ್ಥವಾಗುತ್ತದೆ. ಆದ್ದರಿಂದ ಅನೇಕ ಚಾಲಕಗಳನ್ನು ‘ಮಾಡ್ಯೂಲ್’ ಎಂಬ ಬಿಡಿ ಕಡತಗಳಾಗಿ ಡಿಸ್ಕಿನಲ್ಲಿ ಇಟ್ಟು, ಬೇಕಾದಾಗ ಮಾತ್ರ ಒಳಗೆ ಕರೆಯಲಾಗುತ್ತದೆ.

ಈ ಕ್ರಿಯೆಯನ್ನು ಹಂತಹಂತವಾಗಿ ನೋಡೋಣ. ಮೊದಲು ಕರ್ನೆಲ್ ತನ್ನ ಸ್ಮೃತಿಯಲ್ಲಿ ಮಾಡ್ಯೂಲಿಗೆ ಜಾಗ ನೀಡುತ್ತದೆ. ಮಾಡ್ಯೂಲು ಹೆಸರಿನಿಂದ ಕರೆಯುವ ಕರ್ನೆಲಿನ ಕಾರ್ಯಗಳಿಗೆ ನಿಜವಾದ ವಿಳಾಸಗಳನ್ನು ಜೋಡಿಸುತ್ತದೆ. ಕೊನೆಗೆ ಮಾಡ್ಯೂಲಿನ ಆರಂಭಿಕ ಕಾರ್ಯವನ್ನು ನಡೆಸುತ್ತದೆ. ಅದು ವಿಫಲವಾದರೆ ಮಾಡ್ಯೂಲನ್ನು ಹೊರಹಾಕುತ್ತದೆ.

‘ಇನ್ಸ್‌ಮಾಡ್’ ಆದೇಶವು ನೀವು ಹೇಳಿದ ಒಂದೇ ಕಡತವನ್ನು ಸೇರಿಸುತ್ತದೆ. ‘ಮಾಡ್‌ಪ್ರೋಬ್’ ಆದೇಶವಾದರೋ ಆ ಮಾಡ್ಯೂಲು ಅವಲಂಬಿಸಿರುವ ಇತರ ಮಾಡ್ಯೂಲುಗಳನ್ನೂ ಮೊದಲೇ ಕರೆತರುತ್ತದೆ. ತೆಗೆದುಹಾಕಲು ‘ಆರ್‌ಎಂಮಾಡ್’ ಇದೆ. ಆದರೆ ಮಾಡ್ಯೂಲು ಬಳಕೆಯಲ್ಲಿದ್ದರೆ ಸಾಮಾನ್ಯವಾಗಿ ಈ ಆದೇಶ ನಡೆಯದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯ ತಂತ್ರಾಂಶವು ಜಗುಲಿಯವರೆಗೆ ಬರುವ ಅತಿಥಿಯಂತೆ. ಅದು ತಪ್ಪಿದರೆ ಅದೊಂದೇ ನಿಲ್ಲುತ್ತದೆ. ಮಾಡ್ಯೂಲು ಅಡುಗೆಮನೆಯವರೆಗೂ ಸಲಿಗೆಯುಳ್ಳ ಮನೆಯವನಂತೆ. ಕರ್ನೆಲಿಗಿರುವ ಅಧಿಕಾರವೆಲ್ಲ ಅದಕ್ಕೂ ಇದೆ. ಅದು ತಪ್ಪಿದರೆ ಇಡೀ ಗಣಕವೇ ಸ್ಥಗಿತವಾಗಬಹುದು.

ವಿಂಡೋಸ್ ವ್ಯವಸ್ಥೆಯಲ್ಲೂ ಅನೇಕ ಚಾಲಕಗಳು ಹೀಗೆಯೇ ಕರ್ನೆಲಿನೊಳಗೆ ಕೆಲಸ ಮಾಡುತ್ತವೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ಚಾಲಕವು ದೋಷವಿದ್ದ ಹೊಸ ಕಡತವೊಂದನ್ನು ಓದಿದಾಗ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ಗಣಕಗಳು ಕುಸಿದವು. ವಿಮಾನ ಸಂಚಾರ, ಬ್ಯಾಂಕು, ಆಸ್ಪತ್ರೆಗಳ ಕೆಲಸಕ್ಕೂ ಅಡ್ಡಿಯಾಯಿತು.

ಈ ಕಾರಣದಿಂದಲೇ ಲಿನಕ್ಸಿನಲ್ಲಿ ಮಾಡ್ಯೂಲು ಸೇರಿಸುವ ಹಕ್ಕು ವ್ಯವಸ್ಥೆಯ ಮೇಲ್ವಿಚಾರಕನಿಗೆ ಮಾತ್ರ ಮೀಸಲು. ಮಾಡ್ಯೂಲಿನ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಏರ್ಪಾಡು 2012ರಲ್ಲಿ 3.7ನೆಯ ಆವೃತ್ತಿಯೊಂದಿಗೆ ಬಂದಿತು. ಆದರೆ ಸಹಿಯು ಮಾಡ್ಯೂಲು ಯಾರಿಂದ ಬಂದಿತೆಂದು ತಿಳಿಸುತ್ತದೆಯೇ ಹೊರತು, ಅದರಲ್ಲಿ ತಪ್ಪಿಲ್ಲವೆಂದು ಖಾತರಿ ಕೊಡುವುದಿಲ್ಲ.

ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಲಿನಕ್ಸ್ ಗಣಕವಿದ್ದರೆ ‘ಎಲ್‌ಎಸ್‌ಮಾಡ್’ ಎಂಬ ಆದೇಶ ನೀಡಿ ನೋಡಿ. ಆ ಕ್ಷಣ ಒಳಗಿರುವ ಮಾಡ್ಯೂಲುಗಳ ಹೆಸರು, ಗಾತ್ರ ಮತ್ತು ಅವುಗಳನ್ನು ಬಳಸುತ್ತಿರುವವರ ಸಂಖ್ಯೆ ಕಾಣುತ್ತದೆ. ಕೇವಲ ನೋಡುವುದರಿಂದ ಯಾವ ಅಪಾಯವೂ ಇಲ್ಲ. ಸೇರಿಸುವ ಮುನ್ನ ಮಾತ್ರ, ಅದನ್ನು ಬರೆದವರು ಯಾರು, ನಿಮಗೆ ಅದರ ಅಗತ್ಯವಿದೆಯೇ ಎಂದು ಕೇಳಿಕೊಳ್ಳಿ.