ಗಂಧರ್ವರ ಸೀರೆ, ಬೀಳಗಿಯ ಹೆಣ್ಣುಮಗಳು

ವಿಜಯಪುರದಲ್ಲಿ ರೈಲಿಳಿದು ಸ್ಟೇಷನ್ ರಸ್ತೆಗೆ ಬಂದವರ ಕಣ್ಣೆಲ್ಲ ಗೋಳಗುಮ್ಮಟದ ಮೇಲೆ. ನನ್ನ ಲಕ್ಷ್ಯ ಮಾತ್ರ ಹಿಂದಿನ ಹಳಿಗಳ ಮೇಲೆಯೇ ಉಳಿಯುತ್ತದೆ. 1884ರ ಹೊತ್ತಿಗೆ ಹೊಟಗಿ–ಗದಗ ಮೀಟರ್ ಗೇಜ್ ಹಳಿ ಪೂರ್ತಿಯಾಯಿತು. ಸೊಲ್ಲಾಪುರ, ಪುಣೆ, ಮುಂಬೈಗಳು ಹತ್ತಿರವಾದವು. ಪರದೆ, ಪೇಟಿ, ತಬಲಾಗಳನ್ನು ಊರಿಂದೂರಿಗೆ ಹೊತ್ತು ತಿರುಗುವ ನಾಟಕ ಕಂಪನಿಗಳಿಗೆ ಇದಕ್ಕಿಂತ ಇನ್ನೇನು ಬೇಕಿತ್ತು?

ಆಗ ರಂಗದ ಮೇಲೆ ಸೀರೆ ಉಡುತ್ತಿದ್ದವರು ಬಹುಪಾಲು ಗಂಡಸರೇ. ಆ ಕಾಲದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಸ್ತ್ರೀಯರದೇ ಕಂಪನಿ ಕಟ್ಟಿದರು. ಅಲ್ಲಿ ಗಂಡು ಪಾರ್ಟುಗಳೂ ಹೆಣ್ಣುಮಕ್ಕಳವೇ. ಪ್ರಯೋಗ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ನಟಿಯನ್ನು ಮನೆಯೊಳಗೆ ಕರೆಯಲು ಹಿಂಜರಿಯುತ್ತಿದ್ದ ಸಮಾಜದ ಎದುರು, ಹೆಣ್ಣುಮಕ್ಕಳಷ್ಟೇ ಸೇರಿ ಟಿಕೀಟಿಟ್ಟು ನಾಟಕ ಆಡಿದ್ದು ನಿಜವಾದ ಪ್ರಯೋಗ.

ಆದರೆ ನನ್ನನ್ನು ಬಿಡದೆ ಕಾಡುವುದು ಬೀಳಗಿಯ ಗೋಹರಬಾಯಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆ, 1997ರವರೆಗೆ ವಿಜಾಪುರದ್ದೇ. ಐವರು ಅಕ್ಕತಂಗಿಯರಲ್ಲಿ ಗೋಹರ ಮತ್ತು ಅಮೀರ ಹೆಸರು ಮಾಡಿದವರು. ಇಬ್ಬರೂ ತಮ್ಮ ಹೆಸರಿನ ಮುಂದೆ 'ಕರ್ನಾಟಕಿ' ಸೇರಿಸಿಕೊಂಡೇ ಮುಂಬೈಯನ್ನು ಎದುರಿಸಿದರು.

ಮರಾಠಿ ರಂಗದಲ್ಲಿ ಹೆಣ್ಣು ಪಾರ್ಟುಗಳಿಗೆ ಹೆಸರಾದ ಬಾಲಗಂಧರ್ವರು ಹುಟ್ಟಿದ್ದು 1888ರಲ್ಲಿ. 1913ರಲ್ಲಿ ಗಂಧರ್ವ ನಾಟಕ ಮಂಡಳಿ ಶುರುವಾದ ಮೇಲಂತೂ, ಹೆಣ್ಣು ಎಂದರೆ ಹೀಗೆ ಉಡಬೇಕು, ಹೀಗೆ ನಡೆಯಬೇಕು ಎಂದು ಮನೆಮನೆಯ ಹೆಣ್ಣುಮಕ್ಕಳು ಈ ಗಂಡಸನ್ನು ನೋಡಿ ಕಲಿತರು. ಟಾಕಿ ಬಂತು, ಸಾಲ ಏರಿತು, ವಯಸ್ಸೂ ಆಯಿತು. 1938ರ ಸುಮಾರಿಗೆ ಅವರ ಮಂಡಳಿಗೆ ಬಂದವರು ಗೋಹರಬಾಯಿ. ಗಂಧರ್ವರ ಗಾಯನಶೈಲಿಯನ್ನೇ ಕಂಠಕ್ಕೆ ಇಳಿಸಿಕೊಂಡಿದ್ದ ಕನ್ನಡದ ಮುಸ್ಲಿಂ ಹೆಣ್ಣುಮಗಳು, ಗಂಧರ್ವರು ಆಳಿದ ನಾಯಕಿಯ ಪಾರ್ಟುಗಳಿಗೆ ನಿಂತರು. ಗಂಧರ್ವರು ಆಗೀಗ ಗಂಡು ವೇಷದಲ್ಲಿ ಎದುರಾದರು. ಗಂಡಸು ಕಟ್ಟಿದ ಹೆಣ್ಣನ್ನು ಹೆಣ್ಣೊಬ್ಬಳು ಕಲಿತು, ಆ ಗಂಡಸಿನ ಎದುರಿಗೇ ಆಡಿ ತೋರಿಸುವುದು! ಇಂಥ ಗಳಿಗೆ ಭಾರತದ ರಂಗಭೂಮಿಗೆ ಎಷ್ಟು ಸಲ ಒದಗಿದೆ?

ಪ್ರೇಕ್ಷಕರಿಗೆ ಇದು ಒಗ್ಗಲಿಲ್ಲ. ಗೋಹರ ಮೋಡಿ ಹಾಕಿದಳು ಎಂಬವರೆಗೆ ಮಾತು ಬೆಳೆಯಿತು. ಕಂಪನಿ ಸಾಲಕ್ಕೆ ಬಿದ್ದದ್ದು ಅವರು ಬರುವ ಮೊದಲೇ; ಆದರೂ ಅಪವಾದ ಅವರ ತಲೆಗೇ ಬಂತು. 1951ರಲ್ಲಿ ಇಬ್ಬರೂ ಮದುವೆಯಾದರು. ಕಾಲಿನ ಶಕ್ತಿ ಹೋಗಿ ಕೂತಲ್ಲೇ ಆದ ಗಂಧರ್ವರ ಆರೈಕೆ ಮಾಡುತ್ತಲೇ ಗೋಹರ 1964ರಲ್ಲಿ ತೀರಿಕೊಂಡರು. ಗಂಧರ್ವರು 1967ರವರೆಗೆ ಬದುಕಿದ್ದರು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರ ಎದ್ದಿತು. ಗೋಹರರ ಪಾಲಿಗೆ ಉಳಿದದ್ದು ಅಪವಾದ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ತಂಗಿ ಅಮೀರಬಾಯಿಯದು ಇನ್ನೊಂದು ದಾರಿ. 1934ರಲ್ಲಿ 'ವಿಷ್ಣುಭಕ್ತಿ' ಚಿತ್ರಕ್ಕೆ ಅವರನ್ನು ಸೇರಿಸಿದ್ದೇ ಅಕ್ಕ. 1943ರಲ್ಲಿ ಅನಿಲ್ ಬಿಸ್ವಾಸರ ಸಂಗೀತದ 'ಕಿಸ್ಮತ್' ಬಂದ ಮೇಲೆ ಅಮೀರರ ದನಿ ದೇಶದ ಬೀದಿಬೀದಿಗಳಲ್ಲಿ ಕೇಳಿತು. 1946ರ ಗುಜರಾತಿ ಚಿತ್ರ 'ರಾಣಕದೇವಿ'ಯ ಅವರ ಹಾಡು ಗುಜರಾತಿಗಳಿಗೆ ಇವತ್ತಿಗೂ ತಮ್ಮೂರಿನ ಹಾಡೇ. ನಾಡು ಅವರನ್ನು 'ಕನ್ನಡ ಕೋಕಿಲ' ಎಂದಿತು. 1965ರಲ್ಲಿ ಅವರೂ ಹೋದರು. ವಿಜಯಪುರದ ಅಮೀರ್ ಟಾಕೀಸಿಗೆ ಅವರದೇ ಹೆಸರು. ಅಲ್ಲಿ ಸಿನೆಮಾ ನೋಡಿ ಬೆಳೆದವರಲ್ಲಿ ಎಷ್ಟೋ ಮಂದಿ ಅಮೀರ್ ಎಂದರೆ ಯಾರೋ ಸಾಹುಕಾರ ಎಂದುಕೊಂಡಿದ್ದರು. ರಹಮತ್ ತರೀಕೆರೆಯವರು ಅಮೀರಬಾಯಿ ಮೇಲೆ ಪುಸ್ತಕ ಬರೆದದ್ದು ದೊಡ್ಡ ಉಪಕಾರ.

ಬಚ್ಚಾಸಾನಿಯವರ ಧೈರ್ಯ ದಕ್ಷಿಣದಲ್ಲಿ ಮತ್ತೆ ಚಿಗುರಿದ್ದು 1958ರಲ್ಲಿ. ಆರ್. ನಾಗರತ್ನಮ್ಮ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣ, ಭೀಮರಾಗಿ ಅಬ್ಬರಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು.

ವಿಜಯಪುರದಲ್ಲಿ ನಾಟಕಕಾರ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರವಿದೆ, ಇರಬೇಕಾದದ್ದೇ. ಅಲ್ಲಿ ನಾಟಕದ ಪರದೆ ಏಳುವ ಮುನ್ನ ಗೋಹರ ಇಲ್ಲವೇ ಅಮೀರರ ಒಂದು ಪ್ಲೇಟು ಹಚ್ಚಲಿ, ಹಾಡಿದವರ ಹೆಸರು, ಊರು ಹೇಳಲಿ. ಮೂರು ನಿಮಿಷದ ಕೆಲಸ. ಈ ಸೀಜನ್ನಿನಿಂದಲೇ ಶುರು ಮಾಡಬಹುದು.