ಸೈನಿಕ ವಿಮಾನಗಳ ಸುರಕ್ಷತೆ: ನಿಮ್ರಾಡ್ ದುರಂತದ ವಿವೇಚನೆ

ವಿಮಾನದ ಸುರಕ್ಷತೆಯೆಂದರೆ ಯಂತ್ರಭಾಗಗಳ ದೃಢತೆ ಮಾತ್ರವೆಂದು ಭಾವಿಸುವುದುಂಟು. ಆದರೆ ಆ ಯಂತ್ರವನ್ನು ಪರೀಕ್ಷಿಸುವವರು ಯಾರು, ಸಂದೇಹ ಬಂದಾಗ ಹಾರಾಟವನ್ನು ತಡೆಯುವ ಅಧಿಕಾರ ಯಾರದು ಎಂಬ ಪ್ರಶ್ನೆಗಳೂ ಅದರಲ್ಲಿ ಅಡಗಿವೆ. ಸೈನಿಕ ವಿಮಾನಯಾನದಲ್ಲಿ ಇವು ಇನ್ನೂ ಜಟಿಲವಾದುವು. ಏಕೆಂದರೆ ವಿಮಾನವನ್ನು ಬಳಸುವುದೂ ಅದು ಹಾರಲು ಯೋಗ್ಯವೆಂದು ನಿರ್ಣಯಿಸುವುದೂ ಅಲ್ಲಿ ಬಹುಮಟ್ಟಿಗೆ ಒಂದೇ ಆಡಳಿತದ ಕೈಯಲ್ಲಿರುತ್ತವೆ. ಬ್ರಿಟನ್ನಿನ ಒಂದು ನಿದರ್ಶನದಿಂದ ಈ ವಿಷಯವನ್ನು ವಿಶದಪಡಿಸಲು ನಾವು ಯತ್ನಿಸುವೆವು.

2006ರ ಸೆಪ್ಟೆಂಬರ್ 2ರಂದು ಆಫ್ಘಾನಿಸ್ತಾನದ ಕಂದಹಾರದ ಬಳಿ ಬ್ರಿಟಿಷ್ ವಾಯುಪಡೆಯ ನಿಮ್ರಾಡ್ ವಿಮಾನವೊಂದು ಆಕಾಶದಲ್ಲಿಯೇ ಇಂಧನವನ್ನು ತುಂಬಿಕೊಂಡಿತು. ಕೆಲವೇ ನಿಮಿಷಗಳಲ್ಲಿ ಅದಕ್ಕೆ ಬೆಂಕಿ ತಗುಲಿತು. ಅದರಲ್ಲಿದ್ದ 14 ಮಂದಿಯೂ ಮಡಿದರು. ಹೊರಸೂಸಿದ ಇಂಧನವು ಬಿಸಿಗಾಳಿಯನ್ನು ಒಯ್ಯುವ ಕೊಳವೆಯೊಂದನ್ನು ಸೋಕಿ ಹೊತ್ತಿಕೊಂಡಿತೆಂಬುದು ವಿಚಾರಣೆಯ ನಿರ್ಣಯ. ಬೆಂಕಿ ಹುಟ್ಟಿದ ಆ ಕೋಣೆಯಲ್ಲಿ ಅದನ್ನು ಪತ್ತೆಹಚ್ಚುವ ಸಾಧನವಾಗಲಿ ಆರಿಸುವ ಸಾಧನವಾಗಲಿ ಇರಲಿಲ್ಲ.

ಈ ಅಪಾಯವು ಒಂದು ದಿನದಲ್ಲಿ ಹುಟ್ಟಿದುದಲ್ಲ. ಕಾಮೆಟ್ ವಿಮಾನದ ಆಧಾರದ ಮೇಲೆ ರಚಿತವಾದ ನಿಮ್ರಾಡ್ 1969ರಲ್ಲಿ ಸೇವೆಗೆ ಬಂದಿತು. ಬಿಸಿಗಾಳಿಯ ಕೊಳವೆಗಳಲ್ಲಿ ಒಂದು ಭಾಗ ಮೂಲ ರಚನೆಯಲ್ಲಿಯೇ ಇದ್ದಿತು. ಇನ್ನೊಂದು ಭಾಗ ಅನಂತರದ ಸುಧಾರಣೆಯಲ್ಲಿ ಸೇರಿತು. 1982ರ ಫಾಕ್ಲೆಂಡ್ ಯುದ್ಧದ ಅವಸರದಲ್ಲಿ ಆಕಾಶದಲ್ಲಿ ಇಂಧನ ತುಂಬುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ಪ್ರತಿಯೊಂದು ಮಾರ್ಪಾಡಿಗೂ ಅದರದೇ ಆದ ಕಾರಣವಿದ್ದಿತು; ಎಲ್ಲವೂ ಕೂಡಿದಾಗ ಒದಗುವ ಅಪಾಯ ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಇಂತಹ ಅಪಾಯಗಳನ್ನು ಹುಡುಕಿ ತೆಗೆಯುವುದಕ್ಕಾಗಿಯೇ 2001 ಮತ್ತು 2005ರ ನಡುವೆ ನಿಮ್ರಾಡಿನ ಸುರಕ್ಷತಾ ಸಮರ್ಥನ ಪತ್ರವು ಸಿದ್ಧವಾಯಿತು. ವಿಮಾನವು ಸುರಕ್ಷಿತವೆಂಬುದನ್ನು ಯುಕ್ತಿ ಮತ್ತು ಪ್ರಮಾಣಗಳಿಂದ ಸ್ಥಾಪಿಸುವುದು ಇಂತಹ ಪತ್ರದ ಉದ್ದೇಶ. ಆದರೆ ಮೂವತ್ತು ವರ್ಷಗಳಿಂದ ಹಾರುತ್ತಿರುವ ವಿಮಾನವು ಸುರಕ್ಷಿತವೇ ಸರಿ ಎಂಬ ಪೂರ್ವಗ್ರಹದಿಂದಲೇ ಆ ಕಾರ್ಯ ನಡೆಯಿತು. ಸಾಧ್ಯವನ್ನೇ ಸಿದ್ಧವೆಂದು ಹಿಡಿದಂತಾಯಿತು. ಗುರುತಿಸಿದ ಅಪಾಯಗಳಲ್ಲಿ ಶೇಕಡ 40ರಷ್ಟು ಇತ್ಯರ್ಥವಾಗದೆ ಉಳಿದಿದ್ದವು. ಶೇಕಡ 30ರಷ್ಟರ ವರ್ಗೀಕರಣವೇ ಆಗಿರಲಿಲ್ಲ. 2004ರಲ್ಲಿ ಮತ್ತೊಂದು ನಿಮ್ರಾಡಿನಲ್ಲಿ ಬಿಸಿಗಾಳಿಯ ಕೊಳವೆ ಒಡೆದುದೂ ತಕ್ಕಷ್ಟು ಎಚ್ಚರವನ್ನು ಹುಟ್ಟಿಸಲಿಲ್ಲ.

ನ್ಯಾಯವಾದಿ ಚಾರ್ಲ್ಸ್ ಹ್ಯಾಡನ್‌ಕೇವ್ ಅವರ ವರದಿ 2009ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ದೋಷವು ಕೊಳವೆಯಲ್ಲಿ ಮಾತ್ರವಲ್ಲದೆ ನಾಯಕತ್ವ, ಸಂಸ್ಥೆಯ ಸಂಸ್ಕೃತಿ, ಆದ್ಯತೆಗಳು ಇವುಗಳಲ್ಲಿಯೂ ಇದ್ದಿತೆಂದು ಅದು ತೋರಿಸಿತು. ರಕ್ಷಣಾ ಸರಬರಾಜು ಆಡಳಿತವು ವೆಚ್ಚವನ್ನು ಶೇಕಡ 20ರಷ್ಟು ತಗ್ಗಿಸುವ ಗುರಿಯನ್ನು ಬೆನ್ನಟ್ಟಿದಾಗ ಹಾರಾಟದ ಯೋಗ್ಯತೆಯ ಪ್ರಶ್ನೆ ಹಿಂದೆ ಬಿದ್ದಿತು. ನಾಯಕತ್ವ, ಸ್ವಾತಂತ್ರ್ಯ, ಜನ, ಸರಳತೆ ಎಂಬ ನಾಲ್ಕು ತತ್ತ್ವಗಳನ್ನು ವರದಿಯು ಪ್ರತಿಪಾದಿಸಿತು. ಇದರ ಫಲವಾಗಿ 2010ರಲ್ಲಿ ಸೈನಿಕ ವಿಮಾನಯಾನಕ್ಕೆ ಪ್ರತ್ಯೇಕ ನಿಯಂತ್ರಣ ಪ್ರಾಧಿಕಾರವು ಸ್ಥಾಪಿತವಾಯಿತು. ವಿಮಾನಗಳನ್ನು ಹಾರಿಸುವ ಪಡೆಗಳಲ್ಲಿ ಪ್ರಾಣಾಪಾಯದ ಹೊಣೆ ಗೊತ್ತಾದ ಅಧಿಕಾರಿಗಳ ಮೇಲೆ ಬಿದ್ದಿತು.

ಈ ನಾಲ್ಕರಲ್ಲಿ ಸ್ವಾತಂತ್ರ್ಯವನ್ನು ನಾವು ವಿಶೇಷವಾಗಿ ಗಮನಿಸಬೇಕು. ಕೆಲಸವನ್ನು ಮುಗಿಸುವ ತುರ್ತು ಉಳ್ಳವನೇ ಅದರ ಪರೀಕ್ಷಕನೂ ಆದರೆ ಅವನ ಸಂದೇಹಗಳು ಬೇಗನೆ ಸಮಾಧಾನಗೊಳ್ಳುತ್ತವೆ. ಸುರಕ್ಷತಾ ಪತ್ರದ ಬೆಲೆ ಅದರ ಪುಟಗಳ ಸಂಖ್ಯೆಯಲ್ಲಿಲ್ಲ. ಅದನ್ನು ಬರೆದವರು ವಿಮಾನದ ಬಳಿಗೆ ಹೋಗಿ, ಮುಚ್ಚಳವನ್ನು ತೆಗೆದು, ಕೊಳವೆಯನ್ನು ಕಣ್ಣಾರೆ ನೋಡಿದರೇ ಎಂಬುದರಲ್ಲಿದೆ.