ಹಂಗಾಮಿನ ಕೆಲಸಕ್ಕೆ ಮರಳಲಾಗದಿದ್ದಾಗ: ಸಕಾಲದ ನಿರಾಕರಣೆಯಿಂದ ಇಬ್ಬರಿಗೂ ಲಾಭ

ಗುಳೇದಗುಡ್ಡದ ಖಣದ ವ್ಯಾಪಾರವು ಬಹುಮಟ್ಟಿಗೆ ಹಬ್ಬ ಹಾಗೂ ಮದುವೆಗಳ ಹಂಗಾಮನ್ನು ಅವಲಂಬಿಸಿದೆ. ಉಡಿ ತುಂಬಲು, ಕುಪ್ಪಸ ಹೊಲಿಸಲು ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಂದ ಬೇಡಿಕೆ ಬಂದಾಗ ನೇಯುವವರಷ್ಟೇ ಅಲ್ಲದೆ, ಬಣ್ಣ ಹಾಕುವವರು, ಹಾಸು ಸಿದ್ಧಪಡಿಸುವವರು, ಕಂಡಿಕೆ ಸುತ್ತುವವರೂ ಹೆಚ್ಚಾಗಿ ಬೇಕಾಗುತ್ತಾರೆ. ಹಿಂದಿನ ವರ್ಷ ಬಂದವರು ಈ ವರ್ಷವೂ ಬರುವರೆಂಬ ನಂಬಿಕೆಯ ಮೇಲೆ ಮಾಲೀಕರು ಬೇಡಿಕೆಯನ್ನು ಒಪ್ಪಿಕೊಳ್ಳುತ್ತಾರೆ. ಕೊನೆಯ ಗಳಿಗೆಯಲ್ಲಿ ಆಳು ಬಾರದಿದ್ದರೆ ಮಗ್ಗ ನಿಲ್ಲುತ್ತದೆ. ಅದರೊಡನೆ ರೇಷ್ಮೆಯ ಹಾಸಿಗೆ ಹೂಡಿದ ಬಂಡವಾಳವೂ ನಿಲ್ಲುತ್ತದೆ.

ಮೌನಕ್ಕೆ ಕಾರಣವೇನು?

ಮಂಗಳೂರು, ಗೋವಾಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಬಾಗಲಕೋಟೆ ಜಿಲ್ಲೆಗೆ ಹೊಸದಲ್ಲ. ಹೆಚ್ಚಿನ ಕೂಲಿ ಸಿಕ್ಕವನು ಮರಳದಿರುವುದು ಸಹಜ. ಆದರೆ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. “ಬರಾಕ ನೋಡ್ತೀನ್ರಿ” ಎಂಬ ಮಾತಿನ ಹಿಂದೆ ದಾಕ್ಷಿಣ್ಯ ಒಂದು ಪಾಲಾದರೆ, ತೀರದ ಮುಂಗಡದ ಅಂಜಿಕೆ ಇನ್ನೊಂದು ಪಾಲು. ಇಲ್ಲವೆಂದರೆ ಹಣ ಒಮ್ಮೆಲೇ ಕೇಳಿಯಾರು, ಬರಬೇಕಾದ ಕೂಲಿ ಹಿಡಿದಾರು, ಮುಂದೆಂದೂ ಕರೆಯಲಾರರು ಎಂಬ ಭಯದಿಂದ ಕೆಲಸಗಾರನು ಸುಮ್ಮನಾಗುತ್ತಾನೆ.

ಹೇಳುವ ರೀತಿ

ವಿನಯದ ನಿರಾಕರಣೆಗೆ ನಾಲ್ಕು ಅಂಗಗಳು ಸಾಕು: ಹಿಂದಿನ ಉಪಕಾರದ ಸ್ಮರಣೆ, ಸ್ಪಷ್ಟವಾದ ‘ಇಲ್ಲ’, ಲೆಕ್ಕದ ಪ್ರಸ್ತಾಪ, ಸಾಧ್ಯವಿದ್ದರೆ ಬದಲಿ ಆಳಿನ ಸೂಚನೆ. “ಸಾವ್ಕಾರ್ರ, ಹ್ವಾದ ವರ್ಷ ಚಲೋ ನೋಡಿಕೊಂಡ್ರಿ. ಈ ಸಲ ದಸರಾಕ್ಕ ನನಗ ಬರಾಕ ಆಗೂದಿಲ್ಲರಿ. ನನ್ನ ಬಾಕಿ ತಿಂಗಳಾ ತೀರಸ್ತೀನ್ರಿ” ಎಂದರೆ ಅಷ್ಟೇ ಸಾಕು. ಕಾರಣವನ್ನು ವಿಸ್ತರಿಸಬೇಕಾಗಿಲ್ಲ, ಸುಳ್ಳು ಕಾರಣವಂತೂ ಬೇಡವೇ ಬೇಡ. ಹಾಸು ಹೂಡುವ ಮೊದಲೇ ತಿಳಿಸುವುದು ಮುಖ್ಯ.

ಮಾಲೀಕರು ಗಮನಿಸಬೇಕಾದುದು

ಮುಂಗಡ ಕೊಟ್ಟಿರುವುದರಿಂದ ಕೆಲಸಗಾರನು ಬಂದೇ ತೀರಬೇಕೆಂದು ಒತ್ತಾಯಿಸುವಂತಿಲ್ಲ. ಸಾಲಕ್ಕೆ ಪ್ರತಿಯಾಗಿ ದುಡಿಮೆಯನ್ನು ಬಲವಂತದಿಂದ ಪಡೆಯುವುದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯಂತೆ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟ ನೌಕರನಿಗೆ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಕೆಲಸದಲ್ಲಿರುವಾಗ ಮುಂಗಡ ಮುರಿದುಕೊಳ್ಳುವುದಕ್ಕೂ ಮಿತಿಯಿದೆ: ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧವನ್ನು ಮೀರಬಾರದು.

ಆದುದರಿಂದ ಹಂಗಾಮು ಮುಗಿದ ದಿನವೇ ಕೂಲಿ, ಮುಂಗಡ, ಮುರಿತ, ಉಳಿಕೆಗಳನ್ನು ಬರೆದು ಉಭಯತರೂ ಸಹಿ ಮಾಡಿ, ಒಂದು ಪ್ರತಿಯನ್ನು ಕೆಲಸಗಾರನಿಗೆ ಕೊಡುವುದು ಒಳಿತು. ಮುಂದಿನ ಹಂಗಾಮಿಗೆ ಎರಡು ತಿಂಗಳು ಮೊದಲು “ಬರುವಿರಾ, ಇಲ್ಲವೇ?” ಎಂದು ಕೇಳಬೇಕು, ‘ಇಲ್ಲ’ ಎಂದವನ ಮೇಲೆ ಮುನಿಯಬಾರದು. ಅವನು ಮುಂದೊಂದು ವರ್ಷ ಮರಳಿ ಬರಬಹುದು. ಬಾರದಿದ್ದರೂ ತನ್ನ ಓಣಿಯ ಇನ್ನೊಬ್ಬನನ್ನು ಕಳುಹಿಸಬಹುದು.

ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೊಡನೆ ಸ್ಪರ್ಧಿಸಬೇಕಾದ ಕೈಮಗ್ಗಕ್ಕೆ ನುರಿತ ಕೈಗಳೇ ನಿಜವಾದ ಬಂಡವಾಳ. ಅವುಗಳನ್ನು ಸಾಲದಿಂದ ಕಟ್ಟಿಹಾಕಲಾಗದು. ‘ಇಲ್ಲ’ ಎಂದು ನಿರ್ಭಯವಾಗಿ ಹೇಳಬಲ್ಲ ಕೆಲಸಗಾರನು ‘ಬರುತ್ತೇನೆ’ ಎಂದಾಗ ಮಾತ್ರ ಆ ಮಾತನ್ನು ನಂಬಿ ವ್ಯಾಪಾರ ಮಾಡಬಹುದು.